ಟೂಲ್‌ಬಾರಿನಲ್ಲಿ ಹನ್ನೆರಡನೆಯ ಕಿವಿ

ಪವಾಡ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಸ್ವಭಾವ ನನ್ನದು. ಕಂಪ್ಯೂಟರಿನ ವಿಷಯದಲ್ಲಂತೂ, ನಾವು ಹಾಕಿದ್ದಷ್ಟೇ ಕಾಣುತ್ತದೆ ಎಂದು ಪಂಥ ಕಟ್ಟುತ್ತಿದ್ದೆ. ಈಗ ಕಟ್ಟುವುದಿಲ್ಲ.

ಮಧುಗಿರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಯಾರ ಹಂಗೂ ಇಲ್ಲದೆ ಪ್ರೋಗ್ರಾಮಿಂಗ್ ಕಲಿತು, ಡೈರಿಗಳಿಗೆ, ಕಡಲೆಕಾಯಿ ಮಂಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಟ್ಟು ಬದುಕಿದವನು. ಕೆಲವು ವರ್ಷಗಳ ಹಿಂದೆ ಕಳ್ಳಂಬೆಳ್ಳದ ಕಡೆಯ ಒಂದು ಹಳ್ಳಿಯ ಕುರಿ ಸಾಕುವವರ ಸಂಘ ನನ್ನನ್ನು ಕರೆಸಿತು. ಯಾವ ಕುರಿ ಯಾರದು ಎಂಬುದನ್ನು ಕಂಪ್ಯೂಟರಿಗೆ ಹತ್ತಿಸಬೇಕಿತ್ತು. ಅಲ್ಲಿ ಒಡೆಯ ಯಾರೆಂದು ಹೇಳುವುದು ಕುರಿಯ ಕಿವಿ. ಒಂದೊಂದು ಮನೆಯವರು ಒಂದೊಂದು ರೀತಿ ಕಿವಿ ಕತ್ತರಿಸಿ ಗುರುತು ಮಾಡಿರುತ್ತಾರೆ. ತಮ್ಮ ಬೇರೆಯಾದರೆ ಅಪ್ಪನ ಗುರುತಿಗೆ ಇನ್ನೊಂದು ಕಚ್ಚು ಸೇರಿಸಿಕೊಳ್ಳುತ್ತಾನೆ.

ಓದು ಬಾರದವರೂ ಬೆರಳಿಟ್ಟು ತೋರಿಸಲಿ ಎಂದು ಆ ಕಿವಿಗಳ ಚಿತ್ರವನ್ನೇ ಪರದೆಯ ಮೇಲಿನ ಗುಂಡಿಗಳ ಸಾಲಾದ ಟೂಲ್‌ಬಾರಿನಲ್ಲಿ ಕೂರಿಸಲು ಹೊರಟೆ. ಸಿದ್ಧ ಟೂಲ್‌ಬಾರಿನಲ್ಲಿ ಗುಂಡಿ, ಅಕ್ಷರದ ಪೆಟ್ಟಿಗೆ ಇಂಥವು ಮಾತ್ರ ನೇರವಾಗಿ ಕೂರುತ್ತವೆ. ಚಿತ್ರಗಳ ಪಟ್ಟಿ ಬೇಕೆಂದರೆ ಅದರ ಪ್ರೋಗ್ರಾಮನ್ನು ನಾವೇ ಬರೆದು, ಟೂಲ್‌ಬಾರ್ ಒಪ್ಪುವಂಥ ಕವಚ ತೊಡಿಸಿ ಸೇರಿಸಬೇಕು. ಈ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದು ಮಾತು: ಪಟ್ಟಿಯಲ್ಲಿ ಯಾವುದಿರಬೇಕು, ಯಾವುದಿರಬಾರದು ಎಂಬುದನ್ನು ಕೆಲಸ ಕೊಟ್ಟವನೊಬ್ಬನ ಬಾಯಿಗೆ ಬಿಡಬೇಡಿ.

ಈರಕ್ಕ ಎಂಬ ವಿಧವೆ ತನ್ನ ಕುರಿಯೊಂದನ್ನು ಹಿಡಿದು ತಂದು ಕಿವಿ ತೋರಿಸಿದ್ದಳು. ಬಲಗಿವಿಗೆ ಎರಡು ಕಚ್ಚು; ಎರಡನೆಯದು ಓರೆ, ಗಂಡನ ಕೈಯಲ್ಲಿ ಚೂರಿ ಜಾರಿತ್ತಂತೆ. ಅವನು ಸತ್ತ ಮೇಲೆ ಅವಳ ಹತ್ತೊಂಬತ್ತು ಕುರಿಗಳು ಬಾವನ ಮಂದೆಯಲ್ಲೇ ಮೇಯುತ್ತಿದ್ದವು. ಆ ಬಾವನೇ ಸಂಘದ ಅಧ್ಯಕ್ಷ.

"ಆ ಗುರ್ತು ಬುಟ್ಬುಡು ಕಣಯ್ಯ," ಎಂದ ಅಧ್ಯಕ್ಷ. "ನನ್ ತಮ್ಮ ಬ್ಯಾರೆ ಆಗೇ ಇರ್ಲಿಲ್ಲ. ಇನ್ನೆರಡು ಸಂಘಕ್ಕೆ ನಿನ್ ಹೆಸ್ರೇ ಹೇಳ್ತೀನಿ."

"ಎರಡಲ್ಲ, ನಾಲ್ಕು," ಎಂದೆ.

"ಭಲೇ ಯಾಪಾರ ಕಣಯ್ಯ ನಿಂದು!" ಎಂದು ನಕ್ಕ.

ಈರಕ್ಕನದನ್ನು ಬಿಟ್ಟು ಹನ್ನೊಂದು ಮನೆಗೆ ಹನ್ನೊಂದು ಚಿತ್ರ. ಎಲ್ಲವನ್ನೂ ನಾನೇ ಬರೆದು ಸೇರಿಸಿದೆ.

ಕುರಿ ಬರೆಸುವ ದಿನ ಬೆಳಗ್ಗೆ ಸಂಘದ ಜಗುಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಂದು ಯಾರ ಹೆಸರಿಗೆ ಹತ್ತಿದರೆ ಅವರದೇ ಕುರಿ ಎಂದು ಎಲ್ಲರೂ ಒಪ್ಪಿದ್ದರು. ಈರಕ್ಕನ ಸರದಿ ಬಂದಾಗ ಪಟ್ಟಿ ತೆರೆದೆ. ಹನ್ನೊಂದು ಕಿವಿಗಳ ಕೆಳಗೆ ಇನ್ನೊಂದು ಕಿವಿ ಇತ್ತು. ಬಲಗಿವಿ, ಎರಡು ಕಚ್ಚು, ಎರಡನೆಯದು ಓರೆ.

"ಅಗಾ, ಐತಲ್ಲ!" ಈರಕ್ಕ ಪರದೆಗೆ ಬೆರಳಿಟ್ಟಳು. "ನೋಡಿ ಬಾವ, ನಿಮ್ ತಮ್ಮನ ಗುರ್ತು!"

ಹಿಂದಿದ್ದ ಮುದುಕನೊಬ್ಬ, "ಅಧ್ಯಕ್ಷನಿಗಿಂತ ಮಿಷನ್ನೇ ವಾಸಿ ಕಣ್ಲಾ," ಎಂದ. ಜನ ನಕ್ಕರು.

"ಯಾರಯ್ಯ ಇದ್ನ ಹಾಕಿದ್ದು?" ಎಂದು ಅಧ್ಯಕ್ಷ ನನ್ನ ಕಡೆ ತಿರುಗಿದ.

ಹಾಕಿದವನು ನಾನಲ್ಲ. ಆದರೂ ಬಾಯಿ ತನ್ನ ಕಸುಬು ಬಿಡಲಿಲ್ಲ. "ಕಂಪ್ಯೂಟರ್ ತಪ್ಪು. ಒಂದೊಂದ್ಸಲ ಹಿಂಗಾಗ್ತದೆ," ಎಂದು ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದೆ. ಹನ್ನೊಂದೇ ಇದ್ದವು.

"ಇನ್ನೊಂದ್ ಸಲ ತೆಗಿಯಪ್ಪ," ಎಂದಳು ಈರಕ್ಕ. ತೆಗೆದೆ. ಮೂರು ಸಲ ತೆಗೆಸಿ ನೋಡಿದಳು. ಹತ್ತೊಂಬತ್ತು ಕುರಿಗಳೂ ಬಾವನ ಹೆಸರಿಗೆ ಹತ್ತಿದವು.

ಅಂಗಡಿಗೆ ಬಂದು ಪ್ರೋಗ್ರಾಮಿನ ಕೋಡನ್ನು ಸಾಲು ಸಾಲಾಗಿ ನೋಡಿದೆ. ಚಿತ್ರಗಳು ಹನ್ನೊಂದೇ. ಪಟ್ಟಿಯ ಎತ್ತರವನ್ನೂ ಹನ್ನೊಂದಕ್ಕೇ ಅಳೆದು ಇಟ್ಟಿದ್ದೆ. ಇನ್ನೊಂದಕ್ಕೆ ಜಾಗವೇ ಇರಲಿಲ್ಲ. ನನ್ನೊಬ್ಬನಿಗೇ ಕಂಡಿದ್ದರೆ ಮನಸ್ಸಿನ ಅಳುಕು ಎನ್ನಬಹುದಿತ್ತು. ಜಗುಲಿಯ ಮೇಲಿದ್ದವರೆಲ್ಲ ಕಂಡಿದ್ದಾರೆ.

ಅಧ್ಯಕ್ಷ ಮಾತು ಉಳಿಸಿಕೊಂಡ, ನಾಲ್ಕು ಸಂಘಗಳ ಕೆಲಸ ಬಂತು. ಈರಕ್ಕ ಈಗ ಕೊಳಾಲದ ಕಡೆ ಯಾರದೋ ಮಂದೆ ಕಾಯುತ್ತಾಳಂತೆ. ಆ ಕಿವಿ ಪರದೆಗೆ ಹೇಗೆ ಬಂತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಅವಳು ಬೆರಳಿಟ್ಟ ಜಾಗದಲ್ಲಿ ನಾನು ಒಂದು ಸಲ ಒತ್ತಿದ್ದರೆ ಏನಾಗುತ್ತಿತ್ತೋ, ಅದೂ ತಿಳಿಯದು. ಮುಚ್ಚಿದವನು ನಾನೇ.