ಇಲ್ಲಿಗೆ ಸಾಕು ಎನ್ನುವ ಚುಕ್ಕಿ

ಬೆಳಗಿನ ಐದೂಮುಕ್ಕಾಲು. ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಲೋಹ ಕಡೆಯುವ ಲೇತ್ ತಿರುಗುತ್ತಿದೆ. ಲೇತಿನ ಮುಂದೆ ದಪ್ಪ ಕನ್ನಡಕದ, ಅರವತ್ತೊಂದರ ಹಿರಿಯರೊಬ್ಬರು ತಲೆ ಓರೆ ಮಾಡಿ ನಿಂತಿದ್ದಾರೆ. ಕಣ್ಣು ಲೇತಿಗೆ ಕಚ್ಚಿಸಿದ ಚಕ್ರದ ಮೇಲಿದ್ದರೂ ಕೆಲಸ ಮಾಡುತ್ತಿರುವುದು ಕಿವಿ. ಬೀಡು ಕಬ್ಬಿಣದ ಕರಿ ಪುಡಿ ಸಣ್ಣಗೆ ಉದುರುತ್ತಿದೆ. ಸದ್ದು ಒಂದಿಷ್ಟು ಕೀರಲಾದದ್ದೇ ತಡ, ಕೈ ತಾನಾಗಿ ಗುಂಡಿಗೆ ಹೋಗಿ ಯಂತ್ರ ನಿಲ್ಲುತ್ತದೆ. ಚಕ್ರ ಬಿಚ್ಚುತ್ತಾರೆ, ಬಟ್ಟೆಯಿಂದ ಒರೆಸುತ್ತಾರೆ, ಮುಚ್ಚಿಹೋದ ಯಾವುದೋ ಬೇಕರಿಯಿಂದ ತಂದ ತಕ್ಕಡಿಯ ಮೇಲಿಡುತ್ತಾರೆ. ಐದು ಕಿಲೋ ನಲವತ್ತು ಗ್ರಾಂ.

"ಇನ್ನು ನಲವತ್ತು ಗ್ರಾಂ ತೆಗೀತೀನಿ. ಅದಾದ್ಮೇಲೆ ದೇವರು ಬಂದು ಕೇಳಿದ್ರೂ ಇಲ್ಲ," ಎನ್ನುತ್ತಾರೆ.

ಇವರನ್ನು ಇಡೀ ರಸ್ತೆ ಕರೆಯುವುದು 'ಗ್ರಾಂ ದೊಡ್ಡಪ್ಪ' ಎಂದು. ತಮ್ಮನ ಮಗಳು ಚಿಕ್ಕವಳಿದ್ದಾಗ ಶೆಡ್ಡಿನ ಬಾಗಿಲಲ್ಲಿ ನಿಂತು "ದೊಡ್ಡಪ್ಪಾ" ಎಂದು ಕೂಗುತ್ತಿದ್ದಳಂತೆ. ಅದನ್ನು ಮೊದಲು ಟೈರ್ ಅಂಗಡಿ ಹಿಡಿದುಕೊಂಡಿತು, ಆಮೇಲೆ ಬೀದಿ ಹಿಡಿದುಕೊಂಡಿತು. ಈಗ ಎಪ್ಪತ್ತು ದಾಟಿದ ಟೈರ್ ಅಂಗಡಿ ಯಜಮಾನರೂ ಇವರನ್ನು ದೊಡ್ಡಪ್ಪ ಎಂದೇ ಕರೆಯುತ್ತಾರೆ. ಗ್ರಾಂ ಎಲ್ಲಿಂದ ಬಂತು ಎಂದು ಇವರ ಹೆಂಡತಿಯನ್ನು ಕೇಳಬೇಕು.

"ಸಾರಿಗೆ ಉಪ್ಪೆಷ್ಟು ಹಾಕ್ಲಿ ಅಂದ್ರೆ ಒಂಬತ್ತು ಗ್ರಾಂ ಅಂತಾರೆ. ನಾನು ಕೈಗೆ ಸಿಕ್ಕಷ್ಟು ಹಾಕಿ, ಒಂಬತ್ತೇ ಗ್ರಾಂ ನೋಡಿ ಅಂತೀನಿ. ಮೂವತ್ತೈದು ವರ್ಷ ಆಯ್ತು, ಇನ್ನೂ ಕಂಡುಹಿಡಿದಿಲ್ಲ!"

ದೊಡ್ಡಪ್ಪನ ಕೆಲಸ ಕಣ್ಣಿಗೆ ಬೀಳುವಂಥದ್ದಲ್ಲ. ಕಾರಿನ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಫ್ಲೈವೀಲ್ ಎಂಬ ಭಾರದ ಚಕ್ರವೊಂದು ಕೂತಿರುತ್ತದೆ. ಹೊಲಿಗೆ ಯಂತ್ರದಲ್ಲಿ ಕಾಲು ತೆಗೆದ ಮೇಲೂ ಚಕ್ರ ಒಂದೆರಡು ಸುತ್ತು ತಿರುಗುತ್ತದಲ್ಲ, ಹೆಚ್ಚುಕಡಿಮೆ ಅದೇ ಬಗೆ. ಕ್ಲಚ್ಚಿನ ತಟ್ಟೆ ಬಂದು ಅಪ್ಪಿಕೊಳ್ಳುವುದು ಇದರ ಮೈಯನ್ನೇ. ಚಿಕ್ಕ ಕಾರಿನಲ್ಲಿ ಇದು ಆರೂವರೆ ಕಿಲೋದಷ್ಟಿರುತ್ತದೆ. ಪೇಟೆಯಲ್ಲಿ ಓಡಾಡುವವರಿಗೆ ಅದರ ಭಾರವೇ ಸುಖ, ಗಾಡಿ ನಯವಾಗಿ ಹೊರಡುತ್ತದೆ. ಪಂದ್ಯಕ್ಕೆ ಓಡಿಸುವವರಿಗೆ ಅದೇ ಭಾರ ಕಾಲಿಗೆ ಕಟ್ಟಿದ ಗುಂಡು. ಅವರು ಹಗುರ ಮಾಡಿಸಲು ಬರುತ್ತಾರೆ, ಜೊತೆಗೆ ಬಿಗಿಯಾದ ಕ್ಲಚ್ಚು ಕೂರಿಸಿಕೊಂಡು ಹೋಗುತ್ತಾರೆ.

"ಹಗುರ ಮಾಡೋದು ಲೇತ್ ಇರೋ ಯಾರಾದ್ರೂ ಮಾಡ್ತಾರೆ. ಎಲ್ಲಿಂದ ತೆಗೀಬೇಕು, ಎಲ್ಲಿ ನಿಲ್ಲಿಸ್ಬೇಕು, ಅದು ಕೆಲಸ. ಅಂಚಿನಲ್ಲಿ ನೂರು ಗ್ರಾಂ ತೆಗೆದ್ರೆ ನಡುವಿನಲ್ಲಿ ಅರ್ಧ ಕಿಲೋ ತೆಗೆದಷ್ಟು ಲಾಭ. ಜನ ನಡುವಿನಲ್ಲಿ ತೂತು ಕೊರೆದು ಕೊರೆದು ಜರಡಿ ಮಾಡ್ತಾರೆ."

ದಿನಕ್ಕೆ ಎರಡು ಮಾಮೂಲಿ ಕ್ಲಚ್ ರಿಪೇರಿ, ತಿಂಗಳಿಗೆ ಮೂರು ಪಂದ್ಯದ ಚಕ್ರ. ಮೂರಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಒಂದೊಂದು ಚಕ್ರ ಏಳೆಂಟು ಸಲ ತಕ್ಕಡಿ ಏರುತ್ತದೆ. ಆಮೇಲೆ ಅದು ಮೂಲೆಯ ಮೇಜಿಗೆ, ಐವತ್ತು ವರ್ಷದ ತಮ್ಮನ ಕೈಗೆ ಹೋಗುತ್ತದೆ. ಮೇಜಿನ ಮೇಲೆ ಅಕ್ಕಪಕ್ಕ ಎರಡು ಉಕ್ಕಿನ ಪಟ್ಟಿಗಳು, ಚಕ್ರದ ನಡುವೆ ಒಂದು ಸರಳು. ಪಟ್ಟಿಗಳ ಮೇಲಿಟ್ಟರೆ ಚಕ್ರದ ಭಾರದ ಮಗ್ಗುಲು ಮೆಲ್ಲಗೆ ಕೆಳಕ್ಕೆ ಉರುಳುತ್ತದೆ. ಅಲ್ಲಿ ಚೂರು ಕೊರೆಯಬೇಕು, ಮತ್ತೆ ಇಡಬೇಕು. ಹೇಗಿಟ್ಟರೂ ಅಲುಗದೆ ನಿಂತಾಗ ತಮ್ಮ, "ಅಣ್ಣಾ, ನಿದ್ದೆ ಮಾಡ್ತಿದೆ," ಎಂದು ಕೂಗುತ್ತಾನೆ.

ಆಗ ದೊಡ್ಡಪ್ಪ ಸುತ್ತಿಗೆ ಹಿಡಿದು ಬಂದು ಚಕ್ರದ ಹಿಂಬದಿಗೆ ತೂಕದ ಅಂಕಿ ಒತ್ತುತ್ತಾರೆ. ಅಂಕಿಯ ಪಕ್ಕದಲ್ಲಿ, ಉಗುರಿನ ತುದಿಯಷ್ಟು, ಒಂದು ಚುಕ್ಕಿ. ಇಲ್ಲಿಗೆ ಸಾಕು, ಇನ್ನು ಯಾರೂ ಮುಟ್ಟಬೇಡಿ ಎಂದು ಅದರ ಅರ್ಥ. ಹದಿನೇಳು ವರ್ಷದಲ್ಲಿ ಇಂಥ ಚುಕ್ಕಿ ಆರುನೂರಕ್ಕೂ ಹೆಚ್ಚು ಚಕ್ರಗಳ ಮೇಲೆ ಬಿದ್ದಿದೆ. ಅದಕ್ಕಿಂತ ಹಿಂದೆ ಇವರಿಗೆ ಚುಕ್ಕಿಯ ಅಭ್ಯಾಸ ಇರಲಿಲ್ಲ. ಯಾಕೆಂದು ಕೇಳಿದರೆ ದೊಡ್ಡಪ್ಪ ಮುಂದಿನ ಚಕ್ರವನ್ನು ತಕ್ಕಡಿಗೆ ಏರಿಸುತ್ತಾರೆ. ತಮ್ಮ ಎಡಗಾಲು ಎಳೆಯುತ್ತಾ ಎದ್ದು ಚಹಾ ತರಲು ಹೋಗುತ್ತಾನೆ.

ಈ ಗುರುವಾರದ ಚಕ್ರ ಮನೆಯದೇ. ತಮ್ಮನ ಮಗಳಿಗೆ ಇಪ್ಪತ್ತಮೂರು. ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಕ್ಲಚ್ ಎಂದರೆ ಬೆವರುವವರ ಪಕ್ಕ ಕೂತು, "ಮೆಲ್ಲಗೆ ಬಿಡಿ ಆಂಟಿ, ಅದೇನು ಕಚ್ಚಲ್ಲ," ಎಂದು ದಿನಕ್ಕೆ ನೂರು ಸಲ ಹೇಳುತ್ತಾಳೆ. ರಜೆಯ ದಿನ ತನ್ನಷ್ಟೇ ವಯಸ್ಸಾದ ಚಿಕ್ಕ ಕಾರಿನಲ್ಲಿ ಗುಡ್ಡ ಹತ್ತುವ ಪಂದ್ಯಕ್ಕಿಳಿಯುತ್ತಾಳೆ. ನಾಲ್ಕು ಕಿಲೋಮೀಟರ್ ಏರು, ಹನ್ನೊಂದು ತಿರುವು, ಒಂದು ಸಲಕ್ಕೆ ಒಂದೇ ಗಾಡಿ. ಕಳೆದ ಸಲ ಮೂರನೆಯ ಸ್ಥಾನ ಅರ್ಧ ಸೆಕೆಂಡಿನಲ್ಲಿ ತಪ್ಪಿತು. ಆ ಅರ್ಧ ಸೆಕೆಂಡು ಅವಳ ಊಟ ನಿದ್ದೆ ಎರಡನ್ನೂ ತಿಂದಿದೆ.

"ದೊಡ್ಡಪ್ಪ, ನಾಲ್ಕೂವರೆ ಕಿಲೋಗೆ ಇಳಿಸಿಕೊಡಿ. ತಿರುವಿನಿಂದ ಏಳೋವಾಗ ಗಾಡಿ ಉಸಿರು ಬಿಡುತ್ತೆ."

"ಬಿಡ್ತಿರೋದು ಚಕ್ರದಿಂದಲ್ಲ ಕಣಮ್ಮ, ಕ್ಲಚ್ಚಿನಿಂದ." ದೊಡ್ಡಪ್ಪ ಹಳೆಯ ತಟ್ಟೆ ಎತ್ತಿ ತೋರಿಸುತ್ತಾರೆ. ಅದು ಜಾರಿ ಜಾರಿ ಗಾಜಿನಂತೆ ಹೊಳೆಯುತ್ತಿದೆ. "ಹೊಸ ಬಿಗಿ ಕ್ಲಚ್ ಹಾಕ್ತೀನಿ. ಚಕ್ರ ಐದು ಕಿಲೋ. ಈ ಬೀಡು ಅದಕ್ಕಿಂತ ಕೆಳಗೆ ತಡೆಯಲ್ಲ."

"ಬೇರೆಯವರು ನಾಲ್ಕೂವರೆಯಲ್ಲಿ ಓಡಿಸ್ತಿಲ್ವಾ?"

"ಅವರದು ಉಕ್ಕಿಂದು. ಇದು ಬೀಡು. ಬೀಡು ಬಾಗಿ ಹೇಳಲ್ಲ, ಒಡೆದೇ ಹೇಳೋದು."

ಹುಡುಗಿ ಮೂಗು ಮುರಿಯುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಶುಕ್ರವಾರ ಬೆಳಗ್ಗೆ ದೊಡ್ಡಪ್ಪ ಶೆಡ್ಡಿಗೆ ಬಂದಾಗ, ಚುಕ್ಕಿ ಒತ್ತಿಟ್ಟ ಚಕ್ರ ಮೇಜಿನ ಮೇಲಿಲ್ಲ. ಯಾರು ಒಯ್ದರೆಂದು ಅವರು ಕೇಳುವುದಿಲ್ಲ. ಮೋರೆ ಮಾತ್ರ ಬೂದಿಯಾಗುತ್ತದೆ. ಸ್ಟೂಲಿನ ಮೇಲೆ ಕೂತವರು ಅರ್ಧ ಗಂಟೆ ಯಾವ ಕೆಲಸವನ್ನೂ ಮುಟ್ಟುವುದಿಲ್ಲ.

ಚಕ್ರ ಹೋಗಿರುವುದು ಎರಡು ರಸ್ತೆ ಆಚೆಯ ಇನ್ನೊಂದು ಲೇತ್ ಅಂಗಡಿಗೆ. ಅದರ ಯಜಮಾನ ಮೀಸೆಯಣ್ಣ. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಹೆಸರು ಬೋಳಿಸಲಾಗಿಲ್ಲ. ದೊಡ್ಡಪ್ಪನಿಗೂ ಅವರಿಗೂ ಗಿರಾಕಿಗಳ ವಿಷಯದಲ್ಲಿ ಅಷ್ಟಕ್ಕಷ್ಟೇ. ಆದರೂ ಚಕ್ರವನ್ನು ತಿರುಗಿಸಿ ನೋಡಿದ ಮೀಸೆಯಣ್ಣ ಅದನ್ನು ಹಾಗೇ ಕೆಳಗಿಟ್ಟರು.

"ಚುಕ್ಕಿ ಬಿದ್ದಿದೆಯಲ್ಲಮ್ಮ. ಇದನ್ನ ಈ ಊರಲ್ಲಿ ಯಾವ ಲೇತಿನವನೂ ಮುಟ್ಟಲ್ಲ. ಅದೂ ನೀನು ತಂದಿದ್ದೀಯಾ! ಅವತ್ತು ನಿಮ್ಮ ಶೆಡ್ಡಿನ ಮುಂದೆ ನಿಮ್ಮಪ್ಪನ ಕಾಲು ಚಪ್ಪಲಿಯಿಂದ ಬಿಡಿಸಿದವನು ನಾನೇ ಕಣಮ್ಮ."

ಹುಡುಗಿಗೆ ಗೊತ್ತಿದ್ದ ಕತೆ ಬೇರೆ. ಅವಳು ಆರು ವರ್ಷದವಳಿದ್ದಾಗ ಅಪ್ಪ ಬೈಕಿನಿಂದ ಬಿದ್ದು ಎಡಪಾದದ ಮುಂಭಾಗ ಕಳೆದುಕೊಂಡ ಎಂದೇ ಮನೆಯಲ್ಲಿ ಹೇಳಿದ್ದರು. ಅವಳ ಮುಖ ನೋಡಿದ ಮೇಲೆ ಮೀಸೆಯಣ್ಣ ನಾಲಿಗೆ ಕಚ್ಚಿಕೊಂಡರು. ಆಡಿದ ಮಾತು, ಒಡೆದ ಮುತ್ತು. ಚಕ್ರವನ್ನು ತಮ್ಮ ಸ್ಕೂಟರಿನಲ್ಲಿಟ್ಟುಕೊಂಡು, ಅವಳನ್ನೂ ಹಿಂದೆ ಕೂರಿಸಿಕೊಂಡು ಶೆಡ್ಡಿಗೆ ತಂದು ಬಿಟ್ಟು ಹೊರಟುಹೋದರು.

ಅವಳು ಚಕ್ರವನ್ನು ಮೇಜಿನ ಮೇಲಿಡುತ್ತಾಳೆ. "ಅಪ್ಪ, ನಿನ್ನ ಕಾಲಿಗೆ ಏನಾಯ್ತು?"

ದೊಡ್ಡಪ್ಪ ಬಟ್ಟೆ ತೆಗೆದುಕೊಂಡು, ಸ್ವಚ್ಛವಾಗೇ ಇರುವ ಲೇತನ್ನು ಒರೆಸಲು ಶುರು ಮಾಡುತ್ತಾರೆ. ಹೇಳುವವನು ತಮ್ಮ. ಆಗ ಅವನೂ ಪಂದ್ಯದಲ್ಲಿ ಗಾಡಿಯನ್ನು ಗುಡ್ಡ ಹತ್ತಿಸುತ್ತಿದ್ದ. ಚಕ್ರ ಐದಕ್ಕೆ ಇಳಿದಿತ್ತು. ಇನ್ನಿನ್ನೂರು ಗ್ರಾಂ ತೆಗೆ ಎಂದು ಹಟ ಹಿಡಿದ. ಅಣ್ಣ ಬೇಡ ಎಂದ, ಎರಡು ದಿನ ಬೇಡ ಎಂದ, ಮೂರನೆಯ ದಿನ ತೆಗೆದುಕೊಟ್ಟ. ಪರೀಕ್ಷೆ ಮಾಡಲೆಂದು ಈ ಶೆಡ್ಡಿನ ಮುಂದೆಯೇ ಎಂಜಿನ್ನನ್ನು ಏರಿಸಿದಾಗ ಚಕ್ರ ಒಡೆಯಿತು. ಒಂದು ತುಂಡು ಗೇರ್‌ಬಾಕ್ಸಿನ ಕವಚ ಸೀಳಿ, ಕಾರಿನ ನೆಲ ಸೀಳಿ, ಕ್ಲಚ್ಚಿನ ಮೇಲಿದ್ದ ಪಾದಕ್ಕೆ ಬಂತು.

"ಕೇಳಿದ್ದು ನಾನು," ಎನ್ನುತ್ತಾನೆ ತಮ್ಮ. "ಅಣ್ಣಂದೇನೂ ತಪ್ಪಿಲ್ಲ."

"ಕೈ ನಂದು, ಲೇತ್ ನಂದು," ದೊಡ್ಡಪ್ಪ ತಿರುಗದೆಯೇ ಹೇಳುತ್ತಾರೆ. "ಬೇಡ ಅನ್ನೋದು ಗೊತ್ತಿತ್ತು. ತಮ್ಮ ಮುಖ ಸಣ್ಣ ಮಾಡ್ಕೊಂಡ ಅಂತ ತೆಗೆದೆ. ಅಟ್ಟ ಮೇಲೆ ಒಲೆ ಉರೀತು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ದೊಡ್ಡಪ್ಪನ ಮಡಿಲಿಗೆ ಹೋಗೋದು ಬಿಡ್ತಿದ್ದೆ," ಎನ್ನುತ್ತಾನೆ ಅಪ್ಪ. "ಅವನಿಗೆ ಮಕ್ಕಳಿಲ್ಲ. ನನಗೆ ಹೋಗಿದ್ದು ಅರ್ಧ ಪಾದ. ಅವನಿಗೆ ನೀನೂ ಹೋಗೋದು ಬೇಡ ಅನ್ನಿಸ್ತು."

ದೊಡ್ಡಪ್ಪನ ಬಟ್ಟೆ ಹಿಡಿದ ಕೈ ನಿಂತುಬಿಡುತ್ತದೆ. ಹದಿನೇಳು ವರ್ಷ ಪಕ್ಕದಲ್ಲೇ ಕೂತು ಕೆಲಸ ಮಾಡಿದ ತಮ್ಮ ಈ ಮಾತನ್ನು ಅವರಿಗೂ ಹೇಳಿರಲಿಲ್ಲ. ತನ್ನದೇ ಹಟದಿಂದ ಆಯಿತೆಂದು ಹೆಂಡತಿಯೆದುರು ಒಪ್ಪಿಕೊಳ್ಳಲು ನಾಚಿಕೆಯಾಗಿ ತಮ್ಮ ಬೈಕಿನ ಕತೆ ಕಟ್ಟಿದ್ದಾನೆ ಎಂದೇ ಅವರು ಇಷ್ಟು ದಿನ ಅಂದುಕೊಂಡಿದ್ದರು. ಅರವತ್ತೊಂದರ ಮನುಷ್ಯ ಗ್ರೀಸಿನ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಳ್ಳುತ್ತಾರೆ. ಹುಡುಗಿ ಸೋಪು ತಂದು ಕೊಡುತ್ತಾಳೆ.

ಶನಿವಾರ ಮೂವರೂ ಸೇರಿ ಕ್ಲಚ್ ಕೂರಿಸುತ್ತಾರೆ. ತಟ್ಟೆ ಮುಟ್ಟುವ ಮೊದಲು ದೊಡ್ಡಪ್ಪ ಎರಡು ಸಲ ಕೈ ತೊಳೆಯುತ್ತಾರೆ. ಎಣ್ಣೆಯ ಒಂದು ಬೆರಳಚ್ಚು ಬಿದ್ದರೂ ಕ್ಲಚ್ ಜಾರುತ್ತದಂತೆ. ತಟ್ಟೆ ನಟ್ಟನಡುವೆ ಬರಲೆಂದು, ತಾವೇ ಕಡೆದ ಮರದ ಗೂಟವೊಂದನ್ನು ತೂರಿಸುತ್ತಾರೆ. ಬೋಲ್ಟುಗಳನ್ನು ಹುಡುಗಿ ಬಿಗಿ ಮಾಡುತ್ತಾಳೆ. ಒಂದಾದ ಮೇಲೆ ಅದರ ಎದುರಿನದು, ಸ್ವಲ್ಪ ಸ್ವಲ್ಪವೇ, ದೊಡ್ಡಪ್ಪ "ಹೂಂ" ಎಂದ ಮೇಲೆ ಮುಂದಿನದು.

ಗೇರ್‌ಬಾಕ್ಸ್ ಮತ್ತೆ ಸೇರಿದ ಮೇಲೆ ಕೊನೆಯ ಪರೀಕ್ಷೆ ತಮ್ಮನದು. ಚಪ್ಪಲಿ ಕಳಚಿ, ಬರಿಯ ಅರ್ಧ ಪಾದವನ್ನು ಕ್ಲಚ್ ಪೆಡಲಿನ ಮೇಲಿಟ್ಟು ಒತ್ತುತ್ತಾನೆ, ಬಿಡುತ್ತಾನೆ. ಇಷ್ಟು ವರ್ಷ ಮಗಳು ಬಂದಾಗಲೆಲ್ಲ ಆ ಕಾಲನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಿದ್ದವನು ಇವತ್ತು ಎಳೆದುಕೊಳ್ಳುವುದಿಲ್ಲ.

"ಇಲ್ಲಿ ಹಿಡೀತು. ಇನ್ನು ಒಂದು ಬೆರಳಷ್ಟು ಮೇಲೆ ಬರಲಿ. ಬೆರಳಿಲ್ಲದವನ ಮಾತು ಅಂತ ಬಿಡಬೇಡಿ," ಎನ್ನುತ್ತಾನೆ. ಮೊದಲು ನಗುವವಳು ಮಗಳು.

ಭಾನುವಾರ ಅಣ್ಣ ತಮ್ಮ ಇಬ್ಬರೂ ಗುಡ್ಡದ ಬುಡದಲ್ಲಿ ನಿಂತಿದ್ದಾರೆ. ಮೊದಲ ತಿರುವು ದಾಟಿದರೆ ಗಾಡಿ ಕಾಣುವುದಿಲ್ಲ, ಸದ್ದು ಮಾತ್ರ. ಹಸಿರು ಬಾವುಟ ಬೀಳುತ್ತದೆ. ದೊಡ್ಡಪ್ಪ ಕಣ್ಣು ಮುಚ್ಚಿ, ಬೆರಳು ಮಡಿಚಿ ತಿರುವು ಎಣಿಸುತ್ತಾರೆ. ಒಂದು. ಎರಡು. ಪ್ರತಿ ತಿರುವಿಗೂ ಸದ್ದು ಇಳಿಯುತ್ತದೆ, ಕಚ್ಚುತ್ತದೆ, ಏರುತ್ತದೆ. ಎಲ್ಲೂ ಜಾರಿದ ಸದ್ದಿಲ್ಲ. ಏಳನೆಯದರಲ್ಲಿ ಗಾಳಿ ಬೀಸಿ ಏನೂ ಕೇಳದಾದಾಗ ಅವರ ಕೈ ತಮ್ಮನ ಭುಜ ಹಿಡಿಯುತ್ತದೆ. ಹತ್ತಕ್ಕೆ ಬೆರಳುಗಳು ಮುಗಿದು, ಹನ್ನೊಂದಕ್ಕೆ ಮತ್ತೆ ಮೊದಲ ಬೆರಳು ಮಡಿಚುತ್ತಾರೆ, ಆಗ ಮೇಲಿನಿಂದ ಗುರಿ ಮುಟ್ಟಿದ ಸೀಟಿ ಕೇಳುತ್ತದೆ.

ಹಿಂದಿನ ಸಲಕ್ಕಿಂತ ಮುಕ್ಕಾಲು ಸೆಕೆಂಡು ಬೇಗ. ಮೂರನೆಯ ಸ್ಥಾನ. ದೊಡ್ಡಪ್ಪ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಕೆಳಕ್ಕೆ ವಾಪಸು ತಂದ ಕಾರಿನಿಂದ ಹುಡುಗಿ ಇಳಿದು ಎರಡೂ ಕಾಲಿನ ಮೇಲೆ ಓಡಿ ಬರುತ್ತಿರುವುದನ್ನು ನೋಡುತ್ತಾ ನಿಂತಿದ್ದಾರೆ.

ಈ ಲೇಖನಕ್ಕೆ ಚಿತ್ರ ಬೇಕಲ್ಲ. ಫೋಟೊಗ್ರಾಫರ್ ದೊಡ್ಡಪ್ಪನನ್ನು ಕಾರಿನ ಪಕ್ಕ ನಿಲ್ಲಿಸಿ, ಆಚೆ ನೋಡಿ ಈಚೆ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ನೀವು ಮಾಡಿದ ಚಕ್ರವೇ ಚಿತ್ರದಲ್ಲಿ ಬರುವುದಿಲ್ಲವಲ್ಲ, ಬಿಚ್ಚಿ ತೋರಿಸಲು ಆಗುತ್ತದೆಯೇ?

ದೊಡ್ಡಪ್ಪ ತಮ್ಮನನ್ನು ಹತ್ತಿರಕ್ಕೆ ಎಳೆದುಕೊಂಡು ಬಾನೆಟ್ಟಿನ ಮೇಲೆ ಕೈಯಿಡುತ್ತಾರೆ.

"ಬೇಡಪ್ಪ, ಅದು ಒಳಗೇ ಇರಲಿ. ನನ್ನ ಚಕ್ರ ಒಂದೇ ಒಂದು ಸಲ ಹೊರಗೆ ಬಂದು ಮುಖ ತೋರಿಸಿತ್ತು. ಇನ್ನು ಯಾವತ್ತೂ ಯಾರ ಕಣ್ಣಿಗೂ ಬೀಳೋದು ಬೇಡ."