ಹೇಳಿಸಿಕೊಳ್ಳದವನು

ಅಚ್ಚಿನ ಮನೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಆತನನ್ನು ಎಲ್ಲರೂ ಅಂಟಣ್ಣ ಎಂದೇ ಕರೆಯುತ್ತಿದ್ದರು. ಬೆರಳ ಸಂದಿಯ ಅಂಟು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ನಿಮ್ಮ ಕೈಗೆ ಮಗು ಕೊಟ್ರೆ ವಾಪಸ್ ಕಿತ್ಕೊಳ್ಳೋದೇ ಕಷ್ಟ ಕಣ್ರೀ" ಎಂದು ಹೆಂಡತಿ ನಗಾಡುತ್ತಿದ್ದಳು. ಬೆಳಿಗ್ಗೆ ಅಚ್ಚಿನ ಮನೆಯ ಬೀಗ ತೆಗೆಯುವ ಮೊದಲೇ ಆತ ಬಾಗಿಲಲ್ಲಿ ನಿಂತಿರುತ್ತಿದ್ದ. ಅಂಟು ಕಾಯಿಸು, ಹಾಳೆ ಮಡಿಸು ಎಂದು ಯಾರೂ ಬಾಯಿಬಿಡಬೇಕಾಗಿರಲಿಲ್ಲ. ಯಾರ ಕೈಲೂ ಹೇಳಿಸಿಕೊಂಡವನಲ್ಲ ಎಂಬುದೊಂದೇ ಆತನ ಜಂಬ.

ಹಳೇ ಯಜಮಾನರು ತೀರಿಕೊಂಡ ಮೇಲೆ ಅವರ ಮಗ ರಟ್ಟು ಕಟ್ಟುವ ಯಂತ್ರ ತರಿಸಿದ. ಒಂದು ಸಂಜೆ ಅಂಟಣ್ಣ ಕೈ ತೊಳೆಯುತ್ತಿದ್ದಾಗ ಈ ಚಿಕ್ಕ ಯಜಮಾನ ಪಕ್ಕಕ್ಕೆ ಬಂದು, "ಅಂಟಣ್ಣ, ನಾಳೆ ಬರೋದು ಬೇಡ" ಎಂದ.

"ನಾಡಿದ್ದು ಬರ್ಲಾ?"

"ಇನ್ನು ಬೇಡ. ನೀವೇನು ನಮ್ಮ ಕೆಲಸದವರಲ್ಲವಲ್ಲ. ಕಟ್ಟಿದ ಪುಸ್ತಕಕ್ಕೆ ಕೂಲಿ. ಗುತ್ತಿಗೆ."

ಅಲ್ಲೇ ಮುದ್ರಣಯಂತ್ರ ನಡೆಸುವ ಗೆಳೆಯ ಮನೆಗೆ ಬಂದು ದಾರಿ ತೋರಿಸಿದ. "ಮುಂಚೆ ತಿಳಿಸದೆ, ಪರಿಹಾರ ಕೊಡದೆ ಹೀಗೆ ಕಳಿಸೋ ಹಾಗಿಲ್ಲ. ಆದ್ರೆ ನೀನು ಅವರ ಕೆಲಸಗಾರ ಅಂತ ಮೊದಲು ಗಟ್ಟಿಯಾಗಬೇಕು. ಕಾರ್ಮಿಕ ಕಚೇರಿಗೆ ದೂರು ಕೊಡು. ಅಲ್ಲಿ ಅಧಿಕಾರಿ ಕೇಳಿದ್ರೆ, ಯಜಮಾನರು ಹೇಳಿದ ಹಾಗೇ ಮಾಡ್ತಿದ್ದೆ ಅನ್ನು. ಸಾಕು."

"ನೀವೂ ಬನ್ನಿ ಅಣ್ಣ" ಎಂದಳು ಹೆಂಡತಿ.

"ನಾನು ಬಂದ್ರೆ ನಾಳೆ ನನ್ನ ಪಾಡೂ ಇದೇ ಅಮ್ಮ."

ಪರಿಹಾರ ಬಾರದಿದ್ದರೆ ಬಾಡಿಗೆ ಮನೆ ಬಿಡಬೇಕಿತ್ತು. ಹೆಂಡತಿ ಕಚೇರಿಯ ದಾರಿಯುದ್ದಕ್ಕೂ ಆ ಒಂದು ಮಾತನ್ನು ಮಗುವಿಗೆ ಹೇಳಿಕೊಡುವಂತೆ ಹೇಳಿಕೊಟ್ಟಳು. ಆತ ತಲೆಯಾಡಿಸುತ್ತ ನಡೆದ.

ಕಾರ್ಮಿಕ ಕಚೇರಿಯಲ್ಲಿ ಚಿಕ್ಕ ಯಜಮಾನ ಎದುರು ಬೆಂಚಿನಲ್ಲಿ ನೆಲ ನೋಡುತ್ತ ಕೂತಿದ್ದ. ಅಧಿಕಾರಿ ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಮೆಲ್ಲಗೆ ಕೇಳಿದರು. "ದಿನಾ ಏನು ಕೆಲಸ ಮಾಡಬೇಕು ಅಂತ ಯಾರು ಹೇಳ್ತಿದ್ರು?"

ಹೆಂಡತಿ ಮೊಣಕೈಯಿಂದ ತಿವಿದಳು.

"ಯಾರೂ ಇಲ್ಲ ಸ್ವಾಮಿ. ನಾನು ಹೇಳಿಸ್ಕೊಂಡವನಲ್ಲ."

ಅಧಿಕಾರಿ ಬಿಡಲಿಲ್ಲ. "ರಜ ಬೇಕಾದ್ರೆ ಯಾರನ್ನ ಕೇಳ್ತಿದ್ರಿ?"

"ರಜನೇ ಹಾಕಿಲ್ಲ."

"ತಪ್ಪಾದಾಗ ಯಜಮಾನರು ಬೈದಿದ್ದು, ತಿದ್ದಿಸಿದ್ದು? ಒಂದ್ಸಲನಾದ್ರೂ? ನೆನಪು ಮಾಡ್ಕೊಳ್ಳಿ."

ಬೈಸಿಕೊಂಡೆ ಅನ್ನಿ, ದಮ್ಮಯ್ಯ ಅಂತ ಹೆಂಡತಿ ಕಣ್ಣಲ್ಲೇ ಬೇಡಿಕೊಂಡಳು. ಆತನ ಮುಖ ಕೆಂಪಾಯಿತು. "ಬೈಸಿಕೊಳ್ಳೋ ಹಾಗೆ ನಾನ್ಯಾಕೆ ಕೆಲಸ ಮಾಡ್ಲಿ ಸ್ವಾಮಿ? ಅವರನ್ನೇ ಕೇಳಿ."

ಚಿಕ್ಕ ಯಜಮಾನ ತಲೆಯೆತ್ತದೆ, "ನಿಜ ಸರ್, ಬೈದಿಲ್ಲ" ಎಂದ. ಅಧಿಕಾರಿ ಕನ್ನಡಕ ಹಾಕಿಕೊಂಡರು. ಮೇಲಿನವರು ಹೇಳಿ ಮಾಡಿಸಿದ್ದಕ್ಕೆ ಆಧಾರ ಸಿಗಲಿಲ್ಲ, ಸ್ವತಂತ್ರವಾಗಿ ದುಡಿದವನೆಂದೇ ಆಗುತ್ತದೆ, ಹಾಗಾಗಿ ಪರಿಹಾರ ಕೊಡಿಸಲು ಬರುವುದಿಲ್ಲ ಎಂದರು. ಹೇಳುವಾಗ ಅವರ ದನಿಯೂ ಇಳಿದಿತ್ತು.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಇಬ್ಬರೂ ಕೂತರು. ಹೆಂಡತಿಗೆ ಸಿಟ್ಟು ಉಕ್ಕಿ ಬಂದಿತ್ತು. ಗಂಡನ ಮುಖ ನೋಡಿದ ಮೇಲೆ ಅದು ಎಲ್ಲಿ ಹೋಯಿತೋ.

"ಬೈಸಿಕೊಂಡು ಬಿದ್ದಿದ್ದಿದ್ರೆ ಕೆಲಸಗಾರ ಅಂತ ಒಪ್ಪಿಕೊಳ್ತಿದ್ರೇನೇ?" ಎಂದ ಆತ.

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ಜನ ಹತ್ತಿದರೂ ಆತ ಕೂತೇ ಇದ್ದ.

"ಏಳ್ರೀ, ಬಸ್ಸು ಬಂತು" ಎಂದಳು.

ಏಳಲಿಲ್ಲ. ಆಕೆ ಇನ್ನೊಮ್ಮೆ ಹೇಳಬೇಕಾಯಿತು.