ಇಬ್ಬರೂ ಹಿಂದಕ್ಕೆ ನಡೆದ ಕುಣಿತ

ವೆರಾಕ್ರೂಸ್ ಬಂದರಿನ ದೊಡ್ಡ ಚೌಕದಲ್ಲಿ ಗುರುವಾರ ಸಂಜೆ ದಾನ್ಸೋನ್ ಎಂಬ ಜೋಡಿ ಕುಣಿತವಿರುತ್ತದೆ; ಗಂಡಸು ಮುಂದಕ್ಕೆ ಹೆಜ್ಜೆ ಇಡುತ್ತಾನೆ, ಹೆಂಗಸು ಹಿಂದಕ್ಕೆ. ಗಂಡ ಸತ್ತ ಮೇಲೆ ಸೆನಾಯ್ದಾ ಅತ್ತ ಸುಳಿದಿರಲಿಲ್ಲ.

ಗಂಡ ಅಬುಂದಿಯೊ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು. ಒಂದು ಮಧ್ಯಾಹ್ನ ಮೀನಿನ ಸಾರು ಉಂಡು ಜೋಲಿಯಲ್ಲಿ ಮಲಗಿದವನು ಏಳಲಿಲ್ಲ. ಒಂಬತ್ತು ದಿನದ ಜಪಕ್ಕೆ ಬಂದವರಿಗೆಲ್ಲ ಅವಳು ಕಾಫಿ ಕೊಟ್ಟಳು, ಲೋಟ ತೊಳೆದಿಟ್ಟಳು. ಅಳು ಬರಲಿಲ್ಲ. ಆಮೇಲೆ ಬೆಳಗಾಗುತ್ತಿತ್ತು, ಕತ್ತಲಾಗುತ್ತಿತ್ತು, ಅಷ್ಟೇ. ಹೋಟೆಲಿನವರ ಹಾಸಿಗೆಬಟ್ಟೆ ಇಸ್ತ್ರಿ ಮಾಡುವುದು ಅವಳ ಕೆಲಸ. ಒಮ್ಮೆ ಕೈ ಸುಟ್ಟುಕೊಂಡಳು. ವಾಸನೆ ಬಂದ ಮೇಲೆ ಗೊತ್ತಾಯಿತು.

ಅಬುಂದಿಯೊ ಒಳ್ಳೆಯವನು ಎಂದು ಈಗ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಅವನು ಮಾತೇ ಆಡುತ್ತಿರಲಿಲ್ಲ, ಕುಡಿದರೆ ಬೇಡದ್ದೆಲ್ಲ ಆಡುತ್ತಿದ್ದ. ಗುರುವಾರ ಮಾತ್ರ ಬಿಳಿ ಅಂಗಿ ತೊಟ್ಟು ಅವಳನ್ನು ಚೌಕಕ್ಕೆ ಕರೆದೊಯ್ಯುತ್ತಿದ್ದ. ಮೂಟೆ ಹೊತ್ತು ಬಾಗಿದ ಹೆಗಲು ಅಲ್ಲಿ ನೆಟ್ಟಗಾಗುತ್ತಿತ್ತು. ನದಿ ದಂಡೆಯ ಹಳ್ಳಿಯಿಂದ ಪಾತ್ರೆ ತಿಕ್ಕಲು ಬಂದ ಹುಡುಗಿ ಸೆನಾಯ್ದಾಳಿಗೆ ಕುಣಿತ ಕಲಿಸಿದವನೂ ಅವನೇ. ಮಕ್ಕಳಾಗಲಿಲ್ಲ. ಕುಣಿತವಿತ್ತು.

ಬ್ಯಾಂಡಿನ ಹಿರಿಯ ದೋನ್ ಪ್ಲಾಸಿದೊ ಹೇಳಿ ಕಳಿಸಿದ್ದ: ಈ ಗುರುವಾರದ ಮೊದಲ ದಾನ್ಸೋನ್ ಅಬುಂದಿಯೊನ ಹೆಸರಿಗೆ. ಅವರಲ್ಲಿ ಒಂದು ಪದ್ಧತಿ. ಯಾರ ಹೆಸರು ಕೂಗುತ್ತಾರೋ ಅವರ ಮನೆಯವರು ಮೊದಲು ಕುಣಿಯಲು ಇಳಿಯಬೇಕು. ಆಮೇಲೆ ಉಳಿದವರು. ಮನೆಯವರು ಇಳಿಯದಿದ್ದರೆ ಬ್ಯಾಂಡು ಖಾಲಿ ನೆಲಕ್ಕೆ ನುಡಿಸಿ ಮುಗಿಸುತ್ತದೆ. ಸತ್ತವನ ಹೆಸರಿಗೆ ಹಾಗಾದರೆ ಊರು ಬಹಳ ಕಾಲ ಆಡಿಕೊಳ್ಳುತ್ತದೆ.

ಮನೆಯವರು ಎಂದರೆ ಸೆನಾಯ್ದಾ, ಮತ್ತು ನಾದಿನಿ ಕ್ರಿಸಾಂತಾ. ಸುದ್ದಿ ಕೇಳಿ ಕ್ರಿಸಾಂತಾ ಓಡಿ ಬಂದಳು. ಇಗರ್ಜಿಯಲ್ಲಿ ಅಣ್ಣನ ವರ್ಷದ ಪೂಜೆ ಆಗಿಲ್ಲ, ಮೈಮೇಲೆ ಸೂತಕದ ಕಪ್ಪು ಬಟ್ಟೆಯಿದೆ, ಇಂಥದ್ದರಲ್ಲಿ ಪರಗಂಡಸಿನ ಕೈ ಹಿಡಿದು ಕುಣಿದರೆ ಮುಖ ಎತ್ತಿ ತಿರುಗುವುದು ಹೇಗೆ ಎಂದು ಕೂಗಾಡಿದಳು. ಸೆನಾಯ್ದಾ ಚಪ್ಪಲಿ ಮೆಟ್ಟಿಕೊಂಡಳು. ತಡೆಯುವುದಕ್ಕೆಂದೇ ಕ್ರಿಸಾಂತಾ ಹಿಂದೆ ಹೊರಟಳು.

ಚೌಕ ತುಂಬಿತ್ತು. ಇಬ್ಬರೂ ಒಂದು ಬೆಂಚಿನ ಮೇಲೆ ಕೂತರು. ಕಮಾನುಗಳ ಕೆಳಗೆ ಬಿಯರು ಕುಡಿಯುವವರು, ಕಡಲೆಕಾಯಿ ಮಾರುವವರು, ಬಿಳಿ ಟೋಪಿಯ ನಾವಿಕರು. ಇಗರ್ಜಿಯ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಹಿಂದೆ ಈ ಗದ್ದಲಕ್ಕೆ ಸೆನಾಯ್ದಾಳ ಮೈ ಬಿಸಿಯಾಗುತ್ತಿತ್ತು. ಈಗ ಎಲ್ಲ ಪಕ್ಕದ ಮನೆಯ ರೇಡಿಯೊದಂತೆ ಕೇಳುತ್ತಿತ್ತು.

ತಲೆಗೆ ಎಣ್ಣೆ ಮೆತ್ತಿಕೊಂಡ ದೋನ್ ಫಿದೆನ್ಸಿಯೊ ಬಂದು ಬಗ್ಗಿ ನಿಂತ. ಹೆಂಡತಿ ಸತ್ತವನು. ಅಬುಂದಿಯೊನ ಸಲುವಾಗಿ ತಾನು ಜೊತೆಯಾಗುತ್ತೇನೆ ಎಂದ.

"ನಿಮ್ಮ ಹೆಂಡ್ತಿ ಗೋರಿ ಮಣ್ಣು ಆರೋ ಮೊದ್ಲೇ ನೀವಿಲ್ಲಿ ಕುಣೀತಿದ್ರಿ," ಎಂದಳು ಕ್ರಿಸಾಂತಾ. "ನಮ್ಮನೇಲಿ ಹಂಗಿಲ್ಲ. ಹೋಗಿ, ಬೂಟು ಒರೆಸ್ಕೊಳ್ಳಿ."

ದೋನ್ ಪ್ಲಾಸಿದೊ ಕೂಗಿದ. ಅಬುಂದಿಯೊನ ಹೆಸರು ಚೌಕದ ತುಂಬ ಕೇಳಿಸಿತು. ಬ್ಯಾಂಡು ಶುರುವಾಯಿತು. ದಾನ್ಸೋನಿನ ಮೊದಲ ಭಾಗಕ್ಕೆ ಯಾರೂ ಕುಣಿಯುವುದಿಲ್ಲ, ನೆಲಕ್ಕೆ ಇಳಿದು ನಿಲ್ಲಬೇಕು. ಅಷ್ಟೇ ಹೊತ್ತು ಇತ್ತು. ಜನ ಸುತ್ತ ನಿಂತು ಸೆನಾಯ್ದಾಳನ್ನು ನೋಡುತ್ತಿದ್ದರು. ಏಳಬೇಕು ಎಂದುಕೊಂಡಳು. ಕಾಲು ಬೇರೆ ಯಾರದೋ ಎನ್ನುವಂತೆ ಬಿದ್ದಿತ್ತು.

ಕ್ರಿಸಾಂತಾ ಆ ಖಾಲಿ ನೆಲ ನೋಡಿದಳು. ಅತ್ತಿಗೆಯನ್ನು ನೋಡಿದಳು. ಕೈಚೀಲ ಬೆಂಚಿನ ಮೇಲೆ ಎಸೆದಳು.

"ಏಳಿ ಅತ್ತಿಗೆ. ಅಣ್ಣನ ಹೆಸ್ರು ಬೀದೀಲಿ ನಿಂತಿದೆ."

ರಟ್ಟೆ ಹಿಡಿದು ಎಬ್ಬಿಸಿ ನಡುವೆ ತಂದು ನಿಲ್ಲಿಸಿದಳು. ಹೆಂಗಸರಿಬ್ಬರು ಜೊತೆಯಾಗಿ ಕುಣಿಯುವುದು ಅಲ್ಲಿ ಹೊಸದಲ್ಲ. ತಾಳ ಬಂತು. ಇಬ್ಬರೂ ಹಿಂದಕ್ಕೆ ಹೆಜ್ಜೆ ಇಟ್ಟರು. ಒಣಗಿದ ದುಪ್ಪಟಿಯನ್ನು ಇಬ್ಬರು ಜಗ್ಗಿ ಹಿಡಿದಂತೆ ಕೈ ಉದ್ದವಾಯಿತು. ಕಮಾನಿನ ಕೆಳಗೆ ಯಾರೋ ನಕ್ಕರು. ಮತ್ತೆ ಹತ್ತಿರ ಬಂದರು. ಮತ್ತೆ ಇಬ್ಬರೂ ಹಿಂದಕ್ಕೆ.

"ಒಬ್ರಾದ್ರೂ ಗಂಡಸಾಗ್ಬೇಕಲ್ಲ," ಎಂದಳು ಕ್ರಿಸಾಂತಾ ಹಲ್ಲು ಕಚ್ಚಿ.

"ನಂಗೆ ಹಿಂದಕ್ ಹೋಗೋದೇ ಗೊತ್ತು."

"ನಂಗೂ ಅವ್ನೇ ಕಲ್ಸಿದ್ದು, ಹಿತ್ಲಲ್ಲಿ. ಇಷ್ಟು ವರ್ಷ ಅವ್ನ ಎದುರು ನಿಂತು ಏನ್ ನೋಡಿದ್ರಿ ನೀವು?"

ಸೆನಾಯ್ದಾ ನೋಡಿದ್ದು ಅಂಗಿಯ ಗುಂಡಿ. ಬೆವರಿದ ಕತ್ತು. ಹೆಜ್ಜೆಯನ್ನು ಅವಳು ಎಂದೂ ನೋಡಿರಲಿಲ್ಲ. ಆದರೆ ತನ್ನ ಕಾಲು ಬಿಟ್ಟ ಜಾಗಕ್ಕೆ ಅವನ ಕಾಲು ಬರುತ್ತಿತ್ತು, ಅದು ಗೊತ್ತಿತ್ತು. ನಾದಿನಿಯ ಬೆನ್ನಿಗೆ ಕೈ ಕೊಟ್ಟಳು, ಅವನು ಕೊಡುತ್ತಿದ್ದ ಕಡೆಗೇ. ಎಡಗಾಲು ಮುಂದಿಟ್ಟಳು. ಕ್ರಿಸಾಂತಾ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ. ತಿರುಗುವಲ್ಲಿ ಎಡವಿದಳು, ಸಾವರಿಸಿಕೊಂಡಳು.

ಮೊದಲ ಭಾಗದ ರಾಗ ಮರಳಿ ಬಂದಾಗ ಎಲ್ಲರೂ ಮಾಡುವಂತೆ ನಿಂತರು. ಬ್ಯಾಂಡಿನ ಕಡೆ ತಿರುಗಿ ಕೈಯಿಂದಲೇ ಗಾಳಿ ಹಾಕಿಕೊಂಡರು. ಸೆನಾಯ್ದಾ ತನ್ನೊಳಗೆ ಏನಾದರೂ ಇದೆಯೇ ಎಂದು ಕಾದಳು. ಏನೂ ಇರಲಿಲ್ಲ. ಮೊಣಕಾಲು ನೋಯುತ್ತಿತ್ತು. ಅದೊಂದು ಗೊತ್ತಾಗುತ್ತಿತ್ತು.

ಮತ್ತೆ ತಾಳ ಹಿಡಿದಾಗ ಉಳಿದವರೆಲ್ಲ ಇಳಿದರು. ನೆಲ ತುಂಬಿತು. ಫಿದೆನ್ಸಿಯೊ ಯಾವಳೋ ದಪ್ಪ ಹೆಂಗಸನ್ನು ಹಿಡಿದು ಪಕ್ಕದಲ್ಲೇ ಸುತ್ತುತ್ತಿದ್ದ. ಕ್ರಿಸಾಂತಾ ಅತ್ತಿಗೆಯ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು. ಹೆಗಲು ಒದ್ದೆಯಾಯಿತು. ಸಾಕೇ, ನಿಲ್ಲಿಸಲೇ ಎಂದು ಸೆನಾಯ್ದಾ ಕೇಳಿದಳು.

"ಬೇಡ," ಎಂದಳು ಕ್ರಿಸಾಂತಾ. "ಮುಗೀಲಿ."

ಹಿಂದಕ್ಕೆ ನಡೆಯುವವಳು ದಾರಿ ನೋಡಬೇಕಾಗಿಲ್ಲ, ಮುಂದಕ್ಕೆ ನಡೆಯುವವಳು ನೋಡಬೇಕು. ಸೆನಾಯ್ದಾ ನೋಡಿದಳು. ನಾವಿಕನೊಬ್ಬ ಅಡ್ಡ ಬಂದ, ಅವನನ್ನು ತಪ್ಪಿಸಿದಳು. ಎಡಕ್ಕೆ ಸ್ವಲ್ಪ ಜಾಗವಿತ್ತು. ನಾದಿನಿಯನ್ನು ಅತ್ತ ನಡೆಸಿದಳು.